ಫ್ಯಾನಿನ ಬಾಯಿಗೆ ಮಲಮಲ್ ಅರಬಿ

ಫೆಬ್ರವರಿ 4, ಮುಂಜಾನಿ 7:20

…ಅಲ್ಲ, ತಪ್ಪಾತು, ಮತ್ತ ಮೊದಲಿಂದ ಹೇಳತೇನಿ. ಫೋನಿನ್ಯಾಗ ರೆಕಾರ್ಡ್ ಮಾಡಿ ಮೂರ ಸಲ ಅಳಿಸೇನಿ. ಯಾರರೆ ಕೇಳವ್ರಿದ್ರ ಬ್ಯಾಸತ್ತ ಎದ್ದ ಹೋಗತಿದ್ರು. ಯಾರೂ ಇಲ್ಲ, ಅದ ಛಲೋ. ಬರಿಯಾಕ ನನಗ ಕೈ ಬರೂದಿಲ್ಲ, ಮಾತಿಗೇನ ಬರ ಇಲ್ಲ — ನನ್ನ ಹೇಂತಿ ಪೂರ್ಣಿಮಾ ಅಂತಿದ್ಲು, "ನಿಮ್ಮ ಬಾಯಿ ಮುಂದ ಪಾವರ್‌ಲೂಮ್ ಸಪ್ಪಳಾನೂ ಸೋಲತೈತಿ" ಅಂತ.

ಹಾಂ. ಲ್ಯಾಪ್‌ಟಾಪ್. ಇವತ್ತೂ ಒಂಬತ್ತ ನಿಮಿಷಕ್ಕ ಬಂದ್ ಆತು. ಬುಡಕ್ಕ ಕೈ ಇಟ್ಟೆ, ಕಾದ ಹಂಚ. ಅಕಿ ಅದರ ಬುಡಕ್ಕ ತಾಟಿನ್ಯಾಗ ತಣ್ಣೀರ ಹಾಕಿ ಇಡತಿದ್ಲು. ನಾ ನಗತಿದ್ದೆ. "ಮಗ್ಗದ ಮೋಟರ್ ಕಾಯೂದಿಲ್ಲೇನ? ಮಷೀನ್ ಅಂದ ಮ್ಯಾಲ ಕಾಯತೈತಿ."

ಅಕಿ ಅನಗವಾಡ್ಯಾಗ ಅದಾಳ, ತನ್ನ ಅಣ್ಣ ಗಿರಿಮಲ್ಲಪ್ಪನ ಮನ್ಯಾಗ. ಎಂಟ ದಿನ ಇದ್ದ ಬರತೇನಿ ಅಂತ ದೀಪಾವಳಿ ಮುಗಸಿ ಹೋದಾಕಿ. ಮೂರ ತಿಂಗಳಾತು. ಬನಹಟ್ಟಿಯಿಂದ ಅಲ್ಲಿಗೆ ಏನ ದೂರ? ದೂರ ಇಲ್ಲ.

ಗೋಡಿ ಮ್ಯಾಲ ಕ್ಯಾಲೆಂಡರ್ ಇನ್ನೂ ಅಕ್ಟೋಬರ್‌ದಾಗ ನಿಂತೈತಿ. ತಾರೀಖಿನ ಬಾಜೂ ಅಕಿ ಪೆನ್ಸಿಲ್‌ಲೆ ಬರದಾಳ — 12 ನಿ. 11 ನಿ. 9 ನಿ. ಇದೇನ ಅಂತ ನಾ ಯಾವತ್ತೂ ಕೇಳಿಲ್ಲ. ಎಷ್ಟ ನಿಮಿಷಕ್ಕ ಬಂದ್ ಆತು ಅಂತ ಬರದಿಟ್ಟಾಳ. ಇವತ್ತ ತಿಳೀತು.

ಫೆಬ್ರವರಿ 5, ಮುಂಜಾನಿ

ಇಪ್ಪತ್ತ ವರ್ಷದಿಂದ ನಮ್ಮ ಮಗ್ಗದ ಸೀರಿ ಡಿಸೈನ್ ಎಲ್ಲಾ ಅಕೀವ. ಮೊದಲ ಗ್ರಾಫ್ ಹಾಳಿ, ಆಮ್ಯಾಲ ಕಂಪ್ಯೂಟರ್. ಹೋದ ಮಳಿಗಾಲದಾಗ ಜೋಳದ ತೆನಿ ಅಂಚು ಶುರು ಮಾಡಿದ್ಲು. ಒಂದೊಂದ ಕಾಳೂ ಎದ್ದ ಕಾಣಬೇಕು, ಕಣ್ಣ ಮುಚ್ಚಿ ಬೆರಳ ಆಡಸಿದ್ರ ತೆನಿ ಅಂತ ತಿಳೀಬೇಕು ಅಂತ ಹಟ. ಅರ್ಧ ಆಗೂದು, ಬಂದ್ ಆಗೂದು. ಹೊಳ್ಳಿ ಚಾಲೂ ಮಾಡಿದ್ರ ಫೈಲ್ ತೆರಿಯಾಂಗಿಲ್ಲ.

"ಸೇವ್ ಒತ್ತೀನ್ರೀ."

"ಒತ್ತಿದ್ರ ಎಲ್ಲಿ ಹೋಗತೈತಿ? ಮರತೀದಿ."

"ಒತ್ತೀನಿ. ಆಣಿ ಮಾಡಲೇನ?"

"ಮೊನ್ನಿ ಹಾಲ ಉಕ್ಕಿಸಿದೆಲ್ಲ, ಅದೂ ಮರತಿಲ್ಲೇನ?"

ಹಿಂಗ ಹದಿನಾಲ್ಕ ಸಲ. ಕಡೀಕ ಸಾವಕಾರ್ರು ಆರ್ಡರ್ ಕೇಳಾಕ ಬಂದಾಗ ಅಂದಬಿಟ್ಟೆ — "ಅಕಿ ಕೈಲೆ ಇನ್ನ ಆಗೂದಿಲ್ರೀ, ಮರವ ಭಾಳ ಆಗೇತಿ. ಡಿಸೈನ್ ಹೊರಗ ಮಾಡಸ್ತೇನಿ." ಅಕಿ ಚಾ ಹಿಡಕೊಂಡ ಬಾಗಲದಾಗ ನಿಂತಿದ್ಲು. ಕೊಟ್ಟಳು. ಕುಡದ್ರ ಸಕ್ಕರಿ ಇಲ್ಲ. ಸಾವಕಾರ್ರು ನನ್ನ ಮಾರಿ ನೋಡಿದ್ರು, ಖರೇನಪಾ ಅನ್ನೂಹಂಗ. ನಾನೂ ನೋಡಿದೆ, ನೋಡ್ರೆಲ್ಲ ಅನ್ನೂಹಂಗ.

ಮರದಿನ ಬ್ಯಾಗ್ ತುಂಬಿದ್ಲು.

ಫೆಬ್ರವರಿ 10, ಸಂಜಿ 5

ಗಿರಿಮಲ್ಲಪ್ಪ ಫೋನ್ ಮಾಡಿದ್ದ. "ಮಲಕಾಜಪ್ನವರ, ತಂಗೀನ ಮುಧೋಳಕ್ಕ ಕರಕೊಂಡ ಹೋಗಿ ತೋರಸೇವಿ. ಮರವಿಗೆ ಗುಳಗಿ ಕೊಟ್ಟಾರ. ಮಾರ್ಚ್ ಆರಕ್ಕ ತಲಿ ಸ್ಕ್ಯಾನ್ ಐತಿ." ಯಾಕ ಅಂದೆ. "ತಾನ ಹೇಳತಾಳ್ರಿ, ನನ್ನ ತಲ್ಯಾಗ ಏನೂ ನಿಂದ್ರಾಂಗಿಲ್ಲ ಅಂತ. ಚೀಟಿ ಬರದ ಹಚ್ಚತಾಳ ಗೋಡಿಗೆ — ಗ್ಯಾಸ್ ಬಂದ್ ಮಾಡೀನಿ, ಕೊಂಡಿ ಹಾಕೀನಿ. ಒಂದೂ ತಪ್ಪಾಂಗಿಲ್ಲ, ಆದ್ರೂ ಎದ್ದ ಎದ್ದ ನೋಡತಾಳ."

ನಲವತ್ನಾಕ ವರ್ಷ ಅಕೀಗೆ.

ಲ್ಯಾಪ್‌ಟಾಪ್ ರಿಪೇರಿ ಮಾಡಸ್ತೇನಿ. ಆ ತೆನಿ ಪೂರ್ತಿ ಆದ್ರ ಅಕಿ ಮನಸ ಹಗರ ಆಗತೈತಿ. ಬರತಾಳ.

ಫೆಬ್ರವರಿ 12, ಮಧ್ಯಾಹ್ನ 3:40, ಜಮಖಂಡಿ ಬಸ್ ಸ್ಟ್ಯಾಂಡ್

ಮಂದಿ ನೋಡಾಕತ್ತಾರ. ನೋಡಲಿ. ಹೇಳಲಿಲ್ಲಂದ್ರ ಎದಿ ಒಡೀತೈತಿ.

ಇಲ್ಲೆ ದುಂಡೇಶ ಅಂತ ರಿಪೇರಿ ಅಂಗಡಿ ಇಟ್ಟಾನ. ನನ್ನ ಮುಂದ ಬುಡದ ಮುಚ್ಚಳಾ ಬಿಚ್ಚಿದ. ಬಿಚ್ಚಿದವ ಹಂಗ ಕೈ ತಡದ. ಚಿಮಟಾ ತಗೊಂಡ ಒಳಗಿಂದ ಏನೋ ಸುಲದ. ಬೂದ ಬಣ್ಣದ್ದು, ಕಂಬಳಿ ತುಂಡ ಇದ್ದಂಗ.

"ಕಾಕಾ, ಯಾವ ಶಾಣ್ಯಾ ಹಾಕ್ಯಾನ್ರೀ ಇದನ್ನ? ಫ್ಯಾನ್ ಗಾಳಿ ಎಳಕೊಳ್ಳೂ ಬಾಯಿ ಇದು. ಎಮ್ಮಿ ಮೂಗಿಗೆ ಅರಬಿ ತುರಕಿ ಓಡಲೇ ಅಂದಂಗ ಆತಲ್ರಿ!"

ಎರಡ ಪದರ ಮಲಮಲ್ ಬಟ್ಟಿ. ನಾಕೂ ಮೂಲಿಗೆ ಗಮ್. ಅಂಚ ಮಡಚಿ ಸಣ್ಣಗ ಹೊಲದದ್ದು. ಮ್ಯಾಲ ಹತ್ತಿ ಅರಳಿ ಧೂಳ ಕುಂತ ಕುಂತ ದಪ್ಪ ಆಗೇತಿ.

ಆ ಹೊಲಿಗಿ ನಂದ.

ದುಂಡೇಶಗ ಏನಂದೆ? "ಗೊತ್ತಿಲ್ಲಪಾ" ಅಂದೆ.

ಅಂವ ತನ್ನಷ್ಟಕ್ಕ ತಾ ಹೇಳಾಕತ್ತಿದ್ದ — ಗಾಳಿ ಇಲ್ಲಂದ್ರ ಒಳಗ ಕಾಯತೈತಿ, ಕಾದ್ರ ತಾನ ಬಂದ್ ಆಗತೈತಿ. "ಸೇವ್ ಒತ್ತಿರತಾರ್ರಿ ಪಾಪ, ಅದ ಬರಕೊಳ್ಳೂದ್ರಾಗ ಬಂದ್ ಆದ್ರ ಫೈಲ್ ಕೆಟ್ಟ ಹೋಗತೈತಿ. ಯಾರ ಕೆಲಸಾ ಮಾಡತಿದ್ರು ಇದರಾಗ?"

"ನಮ್ಮ ಮನ್ಯಾಗಿನಾಕಿ."

"ಅಕ್ಕಾರ್ದ ತಾಳ್ಮಿ ದೊಡ್ಡದ್ರಿ."

ಬಸ್ ಬಂತು. ಇದ ಹೋಗಲಿ, ಮುಂದಿನ ಬಸ್ಸಿಗೆ ಹೋಗತೇನಿ.

ಫೆಬ್ರವರಿ 13, ಮುಂಜಾನಿ

ನೆನಪಾತು ಎಲ್ಲಾ. ಹೋದ ವರ್ಷದ್ದಲ್ಲ, ಅದರ ಹಿಂದಿನ ದಸರಿ ಖಂಡೇಪೂಜಿ. ಮಗ್ಗ ನಿಲ್ಲಸಿ, ತೊಳದ, ಎಣ್ಣಿ ಬಿಟ್ಟ, ಕುಂಕಮ ಹಚ್ಚೂ ದಿನ. ಪೂರ್ಣಿಮಾ ಲ್ಯಾಪ್‌ಟಾಪನ್ನೂ ಪೂಜಿಗೆ ಇಟ್ಟಿದ್ಲು, ಮ್ಯಾಲೊಂದ ಚೆಂಡ ಹೂ. ಅಕಿ ಒಳಗ ಹೋಳಿಗಿ ಮಾಡೂದ್ರಾಗ ನಾ ಸ್ಕ್ರೂ ಬಿಚ್ಚಿದೆ. ಮಗ್ಗದ ಮನಿ ಧೂಳ ಒಳಗ ಹೋಗತೈತಿ, ಸೋಸಾಕ ಅರಬಿ ಕಟ್ಟಿದ್ರ ಮುಗೀತು ಅನಿಸ್ತು. ನೇಕಾರನ ತಲಿ. ಅರಬಿ ಒಂದ ಗೊತ್ತು. ಅಕೀಗೆ ಹೇಳಲಿಲ್ಲ — ಹಬ್ಬದ ದಿನ ಬಿಚ್ಚಿದೆ ಅಂದ್ರ ಬೈತಿದ್ಲು. ಆಮ್ಯಾಲ ನಾನ ಮರತೆ.

ಮರತಾಂವ ನಾ.

ಫೆಬ್ರವರಿ 20

ರಿಪೇರಿ ನಾನ ಮಾಡಾಕತ್ತೇನಿ. ದುಂಡೇಶ ಸಾಮಾನ ಕೊಟ್ಟಾನ, ಫೋನ್‌ದಾಗ ಹೇಳತಾನ. ಒಳಗ ತಾಂಬ್ರದ ಪಟ್ಟಿ, ತುದಿಗೆ ತೆಳ್ಳಗಿನ ಹಲ್ಲ — ಥೇಟ್ ನಮ್ಮ ಮಗ್ಗದ ಫಣಿ, ದಾರ ಹಾಯಸೂ ಬಾಚಣಗಿ. ಹಲ್ಲಿನ ಸಂದಿಗೂಡ ಅರಳಿ ಗಚ್ಚ ಆಗಿತ್ತು. ಫಣಿ ಬಿಡಸೂ ಕೊಕ್ಕಿಲೆ ಒಂದೊಂದ ಸಂದಿ ಬಿಡಿಸಿದೆ. ನಲವತ್ತೊಂದ ಸಂದಿ. ಐವತ್ತ ವರ್ಷದ ಕೈ, ಇನ್ನೂ ನಡಗಾಂಗಿಲ್ಲ.

ಚಿಪ್ಪಿನ ಕಾವು ಎಳಕೊಳ್ಳೂ ಹಳೆ ಪೇಸ್ಟ್ ಒಣಗಿ ಸುಣ್ಣಾ ಆಗಿತ್ತು. ಒರಸಿ ಹೊಸಾದು ಹಚ್ಚಿದೆ, ಕಡ್ಲಿ ಕಾಳಿನಷ್ಟ. ಹೊಸಾ ಫ್ಯಾನ್. ಬುಡದ ಮುಚ್ಚಳಕ್ಕ ಸಣ್ಣ ಸಣ್ಣ ತೂತ ಕೊರದೆ, ನಾಕ ಮೂಲಿಗೆ ರಬ್ಬರ್ ಕಾಲ ಕೊಟ್ಟ ಎತ್ತರ ಮಾಡಿದೆ. ಗಾಳಿ ಆಡಬೇಕು.

ಆ ಅರಬಿ ನನ್ನ ಕಿಸೇದಾಗ ಐತಿ. ಕಸಕ್ಕ ಒಗಿಯಾಕ ಮನಸಾಗವಲ್ದು.

ಫೆಬ್ರವರಿ 23, ಮಧ್ಯಾಹ್ನ

ಎರಡ ತಾಸ ಹತ್ತ ನಿಮಿಷ. ಬಂದ್ ಆಗಲಿಲ್ಲ. ಕೈ ಇಟ್ಟೆ — ಮನಷ್ಯಾನ ಮೈ ಬಿಸಿ ಇರತೈತಲ್ಲ, ಅಷ್ಟ.

ಫೋಲ್ಡರ್ ತಗದೆ. ತೆನಿ ಒಂದ, ತೆನಿ ಎರಡ… ಹದಿನಾಲ್ಕ. ಒಂದೊಂದಕ್ಕೂ ಸೇವ್ ಒತ್ತಿದ ಟೈಮಿನ ಪಟ್ಟಿ ಬ್ಯಾರೆ ಇರತೈತಿ. 4:02, 4:04, 4:06, 4:08. ಎರಡೆರಡ ನಿಮಿಷಕ್ಕ ಸೇವ್ ಒತ್ಯಾಳ. ಕೆಟ್ಟ ಹೋದಾವ, ಆದ್ರ ಒತ್ಯಾಳ. ಐದ ಫೈಲ್ ಅಷ್ಟ ತೆರದಾವು. ಎರಡನೇದ್ರಾಗ ತೆನಿ ತುಂಬ ಕಾಳ, ಹಾಲ ತುಂಬಿದಂಗ. ಹದಿನಾಲ್ಕನೇದ್ರಾಗ ಒಂದ ದಂಟ, ಎರಡ ಎಲಿ. ಕಾಳ ಹಾಕೇ ಇಲ್ಲ.

ಮಾರ್ಚ್ 2, ಸಂಜಿ 6, ಬೀಳಗಿ

ಬಸ್ ಇನ್ನೂ ಬಂದಿಲ್ಲ. ಅನಗವಾಡಿಗೆ ಹೋಗಿದ್ದೆ. ಹೇಳಬೇಕಂತನ ಹೋಗಿದ್ದೆ, ಖರೆ.

ಪಡಸಾಲ್ಯಾಗ ಕುಂತ ಚಾಲೂ ಮಾಡಿದೆ. ಅರ್ಧ ತಾಸಾತು. ತಾಸಾತು. ಅಕಿ ದೂರ ಕಂಬಕ್ಕ ಆನಿಸಿಕೊಂಡ ನಿಂತಿದ್ಲು. ಬಡಕಾಗ್ಯಾಳ.

"ಬಾ, ಕೂಡ್ರು. ನೋಡ, ಬಂದ್ ಆಗಾಂಗಿಲ್ಲ."

"ಮುಟ್ಟೂದಿಲ್ರೀ ನಾ."

"ಯಾಕ?"

"ನೀವ ಕುಂತ್ರ ನಡೀತೈತಿ. ನಾ ಕುಂತ್ರ ಬಂದ್ ಆಗತಿತ್ತು. ಇನ್ನೇನ ಬೇಕು? ನನ್ನ ತಲೀದ ತಪ್ಪ. ನೀವ ಖರೆ ಹೇಳತಿದ್ರಿ, ನಾನ ಸುಳ್ಳ ಜಗಳಾಡಿದೆ."

ಕಿಸೇದಾಗ ಕೈ ಹಾಕಿದೆ. ಅರಬಿ ಬೆರಳಿಗೆ ಸಿಕ್ತು. ಹೇಳಲೇ ಮಲಕಾಜಪ್ಪಾ, ಹೇಳು… ಇಡೀ ಊರಾಗ ನನ್ನಷ್ಟ ಮಾತಾಡವ್ರಿಲ್ಲ. ಅರಬೀನ ಕಿಸೇದಾಗ ಇನ್ನೂ ಒಳಗ ತುರಕಿದೆ.

ಅಕಿ ಸನೇಕ ಬಂದ್ಲು. ಸಾವಕಾಶ ಕೇಳಿದ್ಲು — "ಸ್ಕ್ಯಾನ್ ಆದ ಮ್ಯಾಲ ಬರಲೇನ್ರೀ ಮನಿಗೆ? ಹಿಂಗ ಇದ್ದಾಕೀನ ಇಟ್ಟಕೊತೀರೇನ?"

ಹೂಂ ಅಂದೆ.

ಹೂಂ ಅಂದೆ! ಥೂ…

ಚಾ ಕೊಟ್ಟಳು. ಸಕ್ಕರಿ ಹಾಕೀನೋ ಇಲ್ಲೋ ಅಂತ ಮೊದಲ ತಾ ಒಂದ ಗುಟುಕ ಕುಡದ ನೋಡಿ ಕೊಟ್ಟಳು.

ಮಾರ್ಚ್ 5, ಮುಂಜಾನಿ 8:10

ನಾಳೆ ಸ್ಕ್ಯಾನ್.

ಎರಡ ದಿನ ಅನಕೊಂಡೆ, ಹೇಳದಿದ್ರ ಏನಾತು? ಬರತಾಳ, ಮನ್ಯಾಗ ಇರತಾಳ, ನಾ ಛಲೋ ನೋಡಕೊತೇನಿ. ಆದ್ರ ಪ್ರತಿ ಸಲ ಗ್ಯಾಸ್ ಮುಟ್ಟಿ ನೋಡತಾಳ. ಪ್ರತಿ ಕಪ್ ಚಾ ರುಚಿ ನೋಡತಾಳ. ಹಂಗ ಬದಕತಾಳ ಅಕಿ, ನನ್ನ ಒಂದ ಹೂಂ ಸಲವಾಗಿ. ಹೇಳಿದ್ರ ಬರಾಂಗಿಲ್ಲ. ನಾ ಆದ್ರ ಬರತಿರಲಿಲ್ಲ.

ಮುಂಜಾನಿಂದ ಅಕಿಗೆ ಕಳಸಾಕಂತ ರೆಕಾರ್ಡ್ ಮಾಡೇ ಮಾಡಾಕತ್ತೇನಿ. ಪ್ರತಿ ಸಲ "ಚಾ ಆತೇನ" ಅಂತ ಶುರು ಮಾಡತೇನಿ, ಆಮ್ಯಾಲ ಮಳಿ ಮಾತ, ನೂಲಿನ ಮಾತ, ಅಳಿಸೂದು. ಅರಬಿ ಮುಂದ ಇಟ್ಟಕೊಂಡ ಕುಂತೇನಿ, ಟೇಬಲ್ ಮ್ಯಾಲ. ಮತ್ತ ಮೊದಲಿಂದ. ಪೂರ್ಣಿಮಾ, ಚಾ… ಅಲ್ಲ. ಪೂರ್ಣಿಮಾ, ಆ ಲ್ಯಾಪ್‌ಟಾಪಿನ್ಯಾಗ —

ತಡಿ. ಫೋನ್ ಬರಾಕತ್ತೈತಿ.

ಅಕೀದ. ತಾನ ಮಾಡ್ಯಾಳ, ಇಷ್ಟ ದಿನದಾಗ ಒಮ್ಮೇನೂ…

ಎತ್ತತೇನಿ. ಚಾ ಕೇಳೂದಿಲ್ಲ. ಮೊದಲ ಅರಬಿ ಮಾತ. ಬಂದ್ ಮಾಡತೇನಿ ಇದನ್ನ, ಮೊದಲ ಅರ