೨೪೦೦ರ ತನಕ ಸಾಕು

೨೯ ಫೆಬ್ರವರಿ ೨೫೦೦, ಮಧ್ಯಾಹ್ನ ಎರಡು ಗಂಟೆ
ಗಂಟೆಕಟ್ಟೆ, ಹಿಂದೆ ಹೊನ್ನಾವರವಿದ್ದ ಅಳಿವೆ

ಮಾನ್ಯ ಅಕ್ಷೋಭ್ಯ ಅವರಿಗೆ,

ಮೇಲೆ ಬರೆದ ತಾರೀಕು ಇಲ್ಲವೇ ಇಲ್ಲ. ಅದನ್ನು ಹುಟ್ಟಿಸಿದವರು ನೀವು. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ನಾನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮಾತು ಸವೆಯುತ್ತದೆ. ತಾರೀಕಿನ ವಿಷಯದಲ್ಲಿ ಮಾತ್ರ ಕ್ಷಮೆ ಕೇಳಬೇಕಾದವಳು ನಾನಲ್ಲ.

ನಿಮ್ಮ ಕಾಲದಲ್ಲಿ ಎಲ್ಲರಿಗೂ ತೆರೆದಿಟ್ಟ ಒಂದು ಸ್ಪ್ರೆಡ್‌ಶೀಟ್ ತಂತ್ರಾಂಶವಿತ್ತು. ಅದರ ತಾರೀಕಿನ ಲೆಕ್ಕದ ತಪ್ಪುಗಳನ್ನು ನೀವು ಬಿಡುವಿನ ವೇಳೆಯಲ್ಲಿ, ಯಾರ ಒತ್ತಾಯವೂ ಇಲ್ಲದೆ ತಿದ್ದುತ್ತಿದ್ದಿರಿ. ಅಡ್ಡ ಸಾಲು, ಉದ್ದ ಸಾಲು ಇರುವುದರಿಂದ ನಾವು ಅದನ್ನು ಅಡ್ಡುದ್ದ ಎನ್ನುತ್ತೇವೆ. ಬೀಗ ಹಾಕಿಟ್ಟ ತಂತ್ರಾಂಶಗಳೆಲ್ಲ ಒಡೆಯರ ಜೊತೆಗೇ ಹೋದವು, ಇದೊಂದು ಉಳಿಯಿತು. ನಮ್ಮ ಅಳಿವೆಯಲ್ಲಿ ಮಗು ಹುಟ್ಟಿದ ದಿನ, ಮದುವೆಯ ದಿನ, ದೋಣಿಗೆ ಎಣ್ಣೆ ಬಳಿಯುವ ದಿನ, ಎಲ್ಲವನ್ನೂ ಹೇಳುವುದು ಅದೇ. ನಾನು ಸೋಮಿ, ಅದರ ಪರದೆ ಒರೆಸಿ, ಓದಿ, ಗೋಡೆಯ ಮೇಲೆ ಇಂದಿನ ತಾರೀಕು ಬರೆಯುವವಳು.

ಇಲ್ಲಿ ಎಲ್ಲರೂ ಬಳಚು ಎಂಬ ಚಿಪ್ಪುಮೀನು ತಿಂದು, ಅದನ್ನೇ ಮಾರಿ ಬದುಕುತ್ತೇವೆ. ಹೊಳೆಯ ತಗ್ಗಿಗೆ ಚಿಪ್ಪು ಹೆಕ್ಕಲು ಇಳಿಯುವವರು ತಮ್ಮ ಹೆಸರಿನ ಬಿಲ್ಲೆಯನ್ನು ಗಂಟೆಕಟ್ಟೆಯ ಮೊಳೆಗೆ ತೂಗುಹಾಕಿ ಹೋಗುತ್ತಾರೆ, ಹತ್ತಿ ಬಂದ ಮೇಲೆ ತೆಗೆದುಕೊಳ್ಳುತ್ತಾರೆ. ಮೇಲಿನ ಅಣೆಕಟ್ಟಿನವರು ವರ್ಷಕ್ಕೊಮ್ಮೆ, ಮಾರ್ಚ್ ಒಂದರಂದು, ಹೂಳು ತೊಳೆಯಲು ನೀರು ಬಿಡುತ್ತಾರೆ. ಅಂದು ಮೂರು ಗಂಟೆಯ ಹೊತ್ತಿಗೆ ತಗ್ಗಿನಲ್ಲಿ ಎರಡಾಳು ನೀರು ನಿಲ್ಲುವುದರಿಂದ ಯಾರೂ ಇಳಿಯುವುದಿಲ್ಲ. ಅವರಿಗೂ ನಮಗೂ ನಡುವಿನ ತಂತಿ ಕಡಿದು ಹನ್ನೊಂದು ವರ್ಷವಾಯಿತು. ಆ ದಿನ ಬೆಳಿಗ್ಗೆ ಅವರು ಕೆಂಪು ಬಳಿದ ತೆಂಗಿನ ಗೆರಟೆಗಳನ್ನು ತೇಲಿಬಿಡುತ್ತಾರೆ, ಉಳಿದಿರುವ ಮಾತುಕತೆ ಅಷ್ಟೆ.

ಇಂದು ಬೆಳಿಗ್ಗೆ ಗೆರಟೆಗಳು ಬಂದವು. ಗೋಡೆಯ ಮೇಲೆ ಫೆಬ್ರವರಿ ಇಪ್ಪತ್ತೊಂಬತ್ತು ಎಂದು ನಾನೇ ಬರೆದಿದ್ದೆ. ಜನ ಬಿದ್ದು ಬಿದ್ದು ನಕ್ಕರು. "ಮೇಲಿನವ್ರಿಗೆ ತಾರೀಕೇ ಗೊತ್ತಿಲ್ಲ ಮಾರಾಯ್ತಿ" ಎಂದು ನನ್ನ ಅಕ್ಕ ತುಳ್ಸಿ ಒಂದು ಗೆರಟೆಯನ್ನು ಹೆಕ್ಕಿ ಬುಟ್ಟಿಗೆ ಹಾಕಿಕೊಂಡಳು. "ನೀರು ಬರೂದು ನಾಳೆ. ಇವತ್ತು ದೂರದ ದಿಬ್ಬಕ್ಕೇ ಹೋಗ್ತೆ, ಅಲ್ಲಿ ದೊಡ್ಡ ಬಳಚು ಅದೆ." ನಕ್ಕವರಲ್ಲಿ ನಾನೂ ಒಬ್ಬಳು.

ಹನ್ನೆರಡರ ಹೊತ್ತಿಗೆ ಮನಸ್ಸು ತಡೆಯಲಿಲ್ಲ. ಅಡ್ಡುದ್ದವನ್ನು ನಡೆಸುವ ಒಳಬರಹ ತೆರೆದೆ. ನಮಗೆ ಮರೆತುಹೋದ ಲಿಪಿಯ ಸಾವಿರಾರು ಸಾಲುಗಳ ನಡುವೆ ಕನ್ನಡದ್ದು ಒಂದೇ ಟಿಪ್ಪಣಿ ಕಂಡಿತು: "೨೧೦೦, ೨೨೦೦, ೨೩೦೦ಕ್ಕೆ ಇಪ್ಪತ್ತೊಂಬತ್ತು ಬೇಡ. ೨೪೦೦ರ ತನಕ ಸಾಕು. ಆಮೇಲೆ ನೋಡೋರು ಯಾರು? ಅಕ್ಷೋಭ್ಯ." ನೂರರಿಂದ ಭಾಗವಾಗುವ ವರ್ಷವು ನಾನೂರರಿಂದಲೂ ಭಾಗವಾದರೆ ಮಾತ್ರ ಫೆಬ್ರವರಿಗೆ ಒಂದು ದಿನ ಹೆಚ್ಚು. ಒಂದು ಸಾಲಿನ ನಿಯಮ. ನೀವು ನಿಯಮ ಬರೆಯದೆ ಮೂರು ವರ್ಷಗಳ ಪಟ್ಟಿ ಮಾಡಿ ಊಟಕ್ಕೆ ಎದ್ದಿರಬೇಕು. ೨೫೦೦ ಆ ಪಟ್ಟಿಯಲ್ಲಿಲ್ಲ, ಇಂದು ನಿಜವಾಗಿ ಮಾರ್ಚ್ ಒಂದು. ಹೆಸರಿಗೆ ತಕ್ಕ ಹಾಗೆ ಯಾವುದಕ್ಕೂ ಅಲುಗಾಡದವರು!

ತಗ್ಗಿಗೆ ಇಳಿದವರನ್ನು ವಾಪಸು ಕರೆಯುವ ಗಂಟೆಯ ಬೀಗದ ಕೈ ಇರುವುದು ಕಟ್ಟೆಯ ಯಜಮಾನಿ ಬುದವಂತಿಯ ಸೊಂಟದಲ್ಲಿ. ಓಡಿದೆ. "ಅಡ್ಡುದ್ದ ನನ್ನ ಅಜ್ಜಿ ಕಾಲದಿಂದ ಒಂದಿನ ತಪ್ಪಲಿಲ್ಲ. ತಪ್ಪಿದ್ದು ನಿನ್ನ ತಲೆ" ಎಂದಳು. ನಿಮ್ಮ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದೆ. ಅವಳು ಎರಡು ಸಲ ಓದಿಸಿದಳು. ಆಮೇಲೆ ಬೀಗದ ಕೈ ಬಿಚ್ಚಿ ನನ್ನ ಕೈಗಿಟ್ಟು, "ಬಾರ್ಸು" ಎಂದಳು.

ಒಂದು ಗಂಟೆಯಿಂದ ಬಾರಿಸುತ್ತಿದ್ದೇನೆ. ಗಂಟೆಗೆ ಕಾಲುಹಲಗೆಯಿದೆ, ಕೈಗಳು ಖಾಲಿ, ಆದ್ದರಿಂದ ಬರೆಯುತ್ತಿದ್ದೇನೆ. ಬರೆಯದಿದ್ದರೆ ಕೂಗಿಬಿಡುತ್ತೇನೆ. ಇಳಿದವರು ನಲವತ್ತಮೂರು ಮಂದಿ. ನಲವತ್ತೆರಡು ಮಂದಿ ಬೈಯುತ್ತ ಹತ್ತಿ ಬಂದು ಬಿಲ್ಲೆ ತೆಗೆದುಕೊಂಡರು. ತುಳ್ಸಿಯದು ಮೊಳೆಯಲ್ಲೇ ಇದೆ. ಗಾಳಿ ದಿಬ್ಬದ ಕಡೆಯಿಂದ ಬೀಸುತ್ತಿದೆ, ಅಲ್ಲಿಗೆ ಗಂಟೆ ಕೇಳಿಸುತ್ತದೋ ಇಲ್ಲವೋ. ಬುದವಂತಿ ತನ್ನ ಬಿಲ್ಲೆಯನ್ನೂ ಅದರ ಪಕ್ಕಕ್ಕೆ ಹಾಕಿ ದೋಣಿ ತಳ್ಳಿದಳು. ಮಧ್ಯಾಹ್ನವಾದರೂ ಬಿಡದ ಮಂಜಿನಲ್ಲಿ ದಡ ಕಾಣುವುದಿಲ್ಲ, ಅವರು ತಿರುಗಿ ಬರಬೇಕಾದದ್ದು ಈ ಸದ್ದು ಹಿಡಿದೇ. ಹಾಗಾಗಿ ನಾನು ಕಾಲು ನಿಲ್ಲಿಸುವಂತಿಲ್ಲ.

ಎರಡೂ ನಲವತ್ತು. ಮೇಲಿನ ತಿರುವಿನಲ್ಲಿ ಹೊಳೆಯ ಸದ್ದು ದಪ್ಪವಾಗಿದೆ.

ಬರೆದವರ ಸಾಲಿನ ಕೆಳಗೇ ಉತ್ತರ ಬರೆದರೆ ಅದು ಅವರಿಗೆ ಮುಟ್ಟುತ್ತದೆ ಎಂದು ಅಡ್ಡುದ್ದ ಓದುವವರು ನಂಬುತ್ತಾರೆ. ನಾನು ಇದುವರೆಗೆ ನಂಬಿದವಳಲ್ಲ, ಇಂದು ನಂಬುತ್ತೇನೆ. ಇದನ್ನು ನಿಮ್ಮ ಟಿಪ್ಪಣಿಯ ಕೆಳಗೆ ಬರೆಯುತ್ತಿದ್ದೇನೆ. ದಯವಿಟ್ಟು ಊಟದ ತಟ್ಟೆ ಸರಿಸಿ ಹಿಂದಿರುಗಿ ಬನ್ನಿ. ಆ ಮೂರು ವರ್ಷಗಳನ್ನು ಅಳಿಸಿ ನಿಯಮ ಬರೆಯಿರಿ. ನೀವು ತಿದ್ದಿದರೆ ಇಂದು ಮಾರ್ಚ್ ಒಂದಾಗುತ್ತದೆ, ಅಕ್ಕ ಮನೆಯಲ್ಲಿರುತ್ತಾಳೆ, ಈ ಕಾಗದವೇ ಇರುವುದಿಲ್ಲ. ನನಗೆ ಬೇಕಾದದ್ದು ಅದೇ.

ನೋಡೋರು ಯಾರು ಎಂದು ಕೇಳಿದ್ದಿರಿ. ನಾನು ನೋಡುತ್ತಿದ್ದೇನೆ, ಅಕ್ಷೋಭ್ಯರೇ. ಮೊಳೆಯಲ್ಲಿ ಎರಡು ಬಿಲ್ಲೆಗಳಿವೆ.

ಸೋಮಿ