ಎರಡು ನಿಲುವುಗಳ ನಡುವೆ ಕುಳಿತವಳ ಚಿತ್ರ

ಫೆಬ್ರುವರಿ ಮೂವತ್ತು, ೨೨೧೧
ಗಾಳಿಕೇರಿ, ಕಪ್ಪತಗುಡ್ಡದ ಕೆಳಗೆ

ಬಸುರಿಯರ ಫೋಟೊ ತೆಗೆಯುವ ಹಿಂದಿನವರಿಗೆ,

ತಾರೀಖು ತಪ್ಪಿಲ್ಲ. ಬಿಸಿಲು ಮಿತಿಮೀರಿದ ಮೇಲೆ ನಾವು ಮೇ ತಿಂಗಳಿನಿಂದ ಎರಡು ದಿನ ಕಿತ್ತು ಫೆಬ್ರುವರಿಗೆ ಸೇರಿಸಿದೆವು, ಬೇಸಿಗೆ ಅಷ್ಟಾದರೂ ಗಿಡ್ಡವಾಗಲಿ ಎಂದು. ಆಗಲಿಲ್ಲ, ಅದು ಬೇರೆ ಮಾತು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಬರಹಗಳನ್ನು ಐವತ್ತು ವರ್ಷದಿಂದ ಓದುತ್ತಿದ್ದೇನೆ. ಆದರೂ ಓದಿ ಕಲಿತ ಮಾತು ಆಡಿ ಕಲಿತ ಮಾತಿನಷ್ಟು ಮೆತ್ತಗಿರುವುದಿಲ್ಲ. ನನ್ನ ಕೋಪವನ್ನು ಮಾತ್ರ ಮನ್ನಿಸಬೇಕಾಗಿಲ್ಲ. ಅದನ್ನು ತಿಳಿದೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕುಬುಸದ ಕಾರ್ಯ ಇನ್ನೂ ಇದೆ. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹೊಸ ಕುಬುಸ ಕೊಟ್ಟು, ನಾಲ್ಕಾರು ಬಗೆಯ ಬುತ್ತಿ ಉಣಿಸುತ್ತೇವೆ. ಎಲ್ಲವೂ ತಂಪುಹೊತ್ತಿನಲ್ಲಿ, ಅಂದರೆ ಬೆಳಗಿನ ಆರರಿಂದ ಒಂಬತ್ತರೊಳಗೆ ಮುಗಿಯಬೇಕು. ನಮ್ಮ ಮದುವೆ, ಸಂತೆ, ಶಾಲೆ, ಜಗಳ ಎಲ್ಲವೂ ಆ ಮೂರು ತಾಸಿನಲ್ಲೇ. ಆಮೇಲೆ ಊರು ನೆಲಮನೆಗಳಿಗೆ ಇಳಿದು ಮಲಗುತ್ತದೆ. ಕುಬುಸದ ದಿನ ಬಸುರಿಯ ಒಂದು ಚಿತ್ರ ತೆಗೆಸುತ್ತೇವೆ. ಅದಕ್ಕೆ ತುಂಬುಚಿತ್ರ ಎಂದು ಹೆಸರು. ಅದು ಊರ ನಡುವಿನ ಗೋಡೆಯ ಮೇಲೆ ತನ್ನ ಚೌಕಟ್ಟಿಗೆ ಸೇರುತ್ತದೆ. ಮಗುವಿಗೆ ಏಳು ತುಂಬಿದ ದಿನ ಅದನ್ನು ಗೋಡೆಯ ಮುಂದೆ ಕರೆದೊಯ್ದು, ನೀನು ಬರುವ ಮೊದಲು ಇಲ್ಲಿದ್ದೆ ಎಂದು ತಾಯಿಯ ಹೊಟ್ಟೆ ತೋರಿಸುತ್ತೇವೆ. ಚಿತ್ರ ಒಪ್ಪಿಗೆಯಾಗದಿದ್ದರೆ ಮಗು ಬರಿದಾದ ಚೌಕಟ್ಟಿನ ಮುಂದೆ ನಿಲ್ಲಬೇಕು. ಅಂಥ ಇಬ್ಬರನ್ನು ಕಂಡಿದ್ದೇನೆ. ಒಬ್ಬಳು ಚೌಕಟ್ಟಿನೊಳಗೆ ಕೈಯಿಟ್ಟು ತಡಕಿದಳು.

ಒಪ್ಪಿಗೆ ಕೊಡುವುದು ತುಂಬುಚಿತ್ರ ಮಂಡಳಿ. ಇಲ್ಲಿಗೆ ನಿಮ್ಮ ವಿಷಯ ಬಂತು. ನಲವತ್ತು ವರ್ಷದ ಹಿಂದೆ ಗುಡ್ಡದ ಸುರಂಗವೊಂದರಲ್ಲಿ ನಿಮ್ಮ ಕಾಲದ ನೆನಪುಪೆಟ್ಟಿಗೆ ಸಿಕ್ಕಿತು; ಲಕ್ಷಗಟ್ಟಲೆ ಚಿತ್ರಗಳನ್ನು ಅಡಗಿಸಿಟ್ಟ ಯಂತ್ರವದು. ಒಂದೊಂದೇ ಖಾನೆಯನ್ನು ಜೋಪಾನವಾಗಿ ತೆರೆಯುತ್ತ ಬಂದೆವು. ಅದರಲ್ಲಿ ಮೂವತ್ತು ಸಾವಿರ ಬಸುರಿಯರಿದ್ದರು. ಮೂವತ್ತು ಸಾವಿರ ಮಂದಿಯೂ ಒಂದೇ ರೀತಿ ನಿಂತಿದ್ದರು. ಸೊಂಟ ಹಿಂದಕ್ಕೆ ಬಾಗಿದೆ, ಉದ್ದನೆಯ ಗೌನು ಹುಲ್ಲಿನ ಮೇಲೆ ಹರಡಿದೆ, ಮುಳುಗುವ ಸೂರ್ಯ ಬೆನ್ನಿಗಿದ್ದಾನೆ, ಕಣ್ಣು ಕೆಳಗಿವೆ, ಎರಡೂ ಕೈಯ ಬೆರಳು ಕೂಡಿ ಹೊಕ್ಕುಳ ಮೇಲೆ ಒಂದು ಎಲೆಯ ಆಕಾರವಾಗಿದೆ. ಅದು ಹೃದಯದ ಆಕಾರವೆಂದು ನಾನು ಬಲ್ಲೆ. ಮಂಡಳಿ ಅದನ್ನು ಅರಳಿ ಎಲೆ ಎಂದುಕೊಂಡಿತು. ಹಿರಿಯರು ಬಸುರಿಯರನ್ನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ ಅರಳಿ ಮರಕ್ಕೆ ಹರಕೆ ಹೊರಿಸುತ್ತಿದ್ದರು ಎಂದು ನಾಲ್ಕು ಸಂಪುಟದ ಗ್ರಂಥ ಬರೆಯಿತು. ಆ ನಿಲುವಿಗೆ ಎಲೆಗೈ ಎಂದು ಹೆಸರಿಟ್ಟು ಕಡ್ಡಾಯ ಮಾಡಿತು. ಅದು ಬರೀ ಫ್ಯಾಷನ್ ಎಂದು ನಾನು ಮೂರು ಸಲ ಅರ್ಜಿ ಬರೆದೆ. ಫ್ಯಾಷನ್ ಎಂಬ ದೇವರು ಯಾವುದು ಎಂದು ಮರುಪತ್ರ ಬಂತು.

ನನ್ನ ಮಗಳ ಮಗಳು ದಾಕ್ಷಾಯಣಿ ಗಾಳಿಯಂತ್ರ ರಿಪೇರಿ ಮಾಡುವವಳು. ಮೂರು ವರ್ಷದ ಹಿಂದೆ ಏಣಿಯಿಂದ ಬಿದ್ದು ಅವಳ ಬಲಸೊಂಟ ಮುರಿದಿತ್ತು. ಈಗ ಅವಳಿಗೆ ಎಂಟು ತಿಂಗಳು. ಮಂಡಳಿಯ ಕಡೆಯವರು ಬಂದು ಹಿಂದೊಂದು ದೀಪ, ಮುಂದೆರಡು ದೀಪ ಹಚ್ಚಿ ಅವಳನ್ನು ಎಲೆಗೈಯಲ್ಲಿ ನಿಲ್ಲಿಸಿದರು. ಹಿಂದಿನ ದೀಪಕ್ಕೆ ಕೂದಲು ಹೊಳೆಯಿತು. ಮುಂದಿನವುಗಳಿಗೆ ಮುಖ ಹಪ್ಪಳದಂತೆ ಚಪ್ಪಟೆಯಾಯಿತು, ಹೊಟ್ಟೆ ಇದ್ದೂ ಇಲ್ಲದಂತಾಯಿತು. ಐದು ನಿಮಿಷಕ್ಕೆ ಅವಳ ತುಟಿ ಬೆಳ್ಳಗಾದವು. ಎಂಟನೆಯ ನಿಮಿಷಕ್ಕೆ ಅವಳು ಗೋಡೆ ಹಿಡಿದು ಕುಸಿದಳು. ಚಿತ್ರ ವಾಪಸಾಯಿತು, ನಿಲುವು ಅಪೂರ್ಣ ಎಂಬ ಷರಾದೊಂದಿಗೆ.

ನಾನು ಮೌಲಾಲಿಯನ್ನು ಕರೆಸಿದೆ. ಮಂಡಳಿ ಬಿಟ್ಟುಬಂದ ಹಳೆಯ ಬೆಳಕುಗಾರ ಅವನು. ಫೋಟೊ ತೆಗೆಯುವವರಿಗೆ ನಾವು ಹಾಗೆನ್ನುತ್ತೇವೆ. ಅವನು ದೀಪಗಳನ್ನೆಲ್ಲ ಆರಿಸಿದ. ಮೂಡಣದ ಕಿಟಕಿಗೆ ಬಿಳಿ ಧೋತ್ರವೊಂದನ್ನು ಒದ್ದೆ ಮಾಡಿ ಇಳಿಬಿಟ್ಟ; ಬಿಸಿಲು ಹಾಲಿನಂತೆ ಮೆತ್ತಗಾಗಿ ಒಳಗೆ ಬಂತು, ಕೋಣೆಯೂ ತಂಪಾಯಿತು. ಕಿಟಕಿಯ ಪಕ್ಕ ಮಣೆಗಿಂತ ಎತ್ತರದ ಪೀಠ ಹಾಕಿ, ಬೆನ್ನಿಗೆ ಮಡಿಸಿದ ಕೌದಿಯ ಆಸರೆ ಕೊಟ್ಟು, ಭಾರವೆಲ್ಲ ಎಡಸೊಂಟದ ಮೇಲೆ ಬೀಳುವಂತೆ ಅವಳನ್ನು ಕೊಂಚ ಓರೆಯಾಗಿ ಕೂರಿಸಿದ. ಬೆಳಕು ಒಂದು ಬದಿಯಿಂದ ಬಂದದ್ದೇ ಹೊಟ್ಟೆಗೆ ಅದರ ದುಂಡು ಮರಳಿ ಸಿಕ್ಕಿತು, ಅರ್ಧ ಬೆಳಗಿ, ಅರ್ಧ ನೆರಳಿಗೆ ಜಾರಿ. ಆ ನೆರಳನ್ನು ಅವನು ಮುಟ್ಟಲಿಲ್ಲ. ನೆರಳು ತೆಗೆದರೆ ಹೊಟ್ಟೆಯನ್ನೂ ತೆಗೆದಂತೆ ಎಂದ. ಕ್ಯಾಮೆರಾವನ್ನು ಅವಳ ಎದೆಯ ಮಟ್ಟಕ್ಕಿಟ್ಟ. ಕೆಳಗಿನಿಂದ ತೆಗೆದರೆ ಹೊಟ್ಟೆ ಗುಡ್ಡವಾಗಿ ಮುಖ ಹರಳಾಗುತ್ತದಂತೆ. ಕೈ ಎಲ್ಲಿಡಬೇಕೆಂದು ಅವಳು ಕೇಳಿದಳು.

"ನಾ ಹೇಳಂಗಿಲ್ಲ ತಂಗೀ. ಭಾರ ಎಲ್ಲೈತಿ, ಕೈ ತಾನ ಅಲ್ಲಿಗೆ ಹೋಗತೈತಿ."

"ಕೈ ಬುತ್ತಿ ಡಬ್ಬಿ ಕಡೆ ಹೊಂಟೈತಿ ಕಾಕಾ," ಎಂದಳು ಅವಳು.

ಅವನು ಡಬ್ಬಿ ಕೊಡಿಸಿದ. ಮೊಸರುಬುತ್ತಿ ಉಂಡು, ಒಂದು ಕೈ ಹೊಟ್ಟೆಯ ಕೆಳಗೆ ಹೋಗಿ ನೆಲೆಸಿ, ಇನ್ನೊಂದು ತೊಡೆಯ ಮೇಲೆ ಬಿದ್ದು, ಅವಳು ಕಿಟಕಿಯತ್ತ ನೋಡಿ ಉಸಿರುಬಿಟ್ಟ ಗಳಿಗೆಯಲ್ಲಿ ಚಿತ್ರ ತೆಗೆದ. ಅದರಲ್ಲಿ ಅವಳ ದಣಿವಿದೆ, ಸೊಕ್ಕೂ ಇದೆ. ಇಂಥ ತುಂಬುಚಿತ್ರ ನಮ್ಮ ಗೋಡೆಯ ಮೇಲೆ ಒಂದೂ ಇಲ್ಲ.

ಮಂಡಳಿಯ ಅಧ್ಯಕ್ಷ ಕಳಕಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿದ. "ಛಲೋ ಬಂದೈತಿ ಅಕ್ಕಾರ," ಎಂದ. "ಆದ್ರ ಹಿರೇರು ಹಿಂಗ ಕುಂತಿಲ್ಲ."

ಆಗ ನಾನು ಚೀಲದಿಂದ ನನ್ನ ಸಾಕ್ಷಿ ತೆಗೆದೆ. ನೆನಪುಪೆಟ್ಟಿಗೆಯಲ್ಲಿ ಕೆಟ್ಟ ಚಿತ್ರಗಳೆಂದು ಮಂಡಳಿ ತಳ್ಳಿಹಾಕಿದ ರಾಶಿಯನ್ನು, ನನ್ನ ಅರ್ಜಿಗಳು ಬಿದ್ದುಹೋದಂದಿನಿಂದ ಹನ್ನೊಂದು ತಿಂಗಳು ಜಾಲಾಡಿದ್ದೆ. ಅದರಲ್ಲಿ ಒಬ್ಬಳು ಸಿಕ್ಕಿದಳು. ಅದೇ ಗೌನು, ಅದೇ ಹುಲ್ಲು, ಅದೇ ಸಂಜೆ. ಆದರೆ ಒಂದು ನಿಲುವು ಮುಗಿದು ಇನ್ನೊಂದು ಶುರುವಾಗುವ ಮೊದಲು ಅವಳು ಕಲ್ಲುಕಟ್ಟೆಯ ಮೇಲೆ ಕುಳಿತಿದ್ದಾಳೆ. ಗೌನನ್ನು ಮೊಣಕಾಲಿನವರೆಗೆ ಎತ್ತಿಕೊಂಡಿದ್ದಾಳೆ. ಚಪ್ಪಲಿ ಬಿಟ್ಟ ಪಾದಗಳು ಬಾತಿವೆ. ಯಾರದೋ ಕೈ ನೀರಿನ ಬಾಟಲಿ ಚಾಚಿದೆ. ಅವಳ ಒಂದು ಕೈ ಹೊಟ್ಟೆಯ ಕೆಳಗಿದೆ, ದಾಕ್ಷಾಯಣಿಯ ಕೈ ಇದ್ದಲ್ಲೇ. ಅವಳು ಯಾರನ್ನೋ ಬೈಯುತ್ತ ನಗುತ್ತಿದ್ದಾಳೆ. ಬಹುಶಃ ನಿಮ್ಮನ್ನೇ.

ಕಳಕಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಒಬ್ಬಾಕಿ ಕುಂತ್ರ ಅದು ದಣಿವು ಅಕ್ಕಾರ. ಹತ್ತು ಮಂದಿ ಕುಂತ್ರ ಅದು ಪದ್ಧತಿ. ಯುಗಾದಿ ಸಭಾದೊಳಗ ಹತ್ತು ತೋರಸ್ರಿ, ನಿಯಮ ನಾನ ತಿದ್ದತೀನಿ."

ಅವನು ಮಾತಿಗೆ ತಪ್ಪುವವನಲ್ಲ. ತಿದ್ದಿದರೆ ದಾಕ್ಷಾಯಣಿಯ ಚಿತ್ರ ಗೋಡೆಗೇರುತ್ತದೆ. ಅವಳ ಹಿಂದೆ ಬರುವ ಯಾವ ಬಸುರಿಯೂ ಸೊಂಟ ಹಿಡಿದು ನಿಲ್ಲಬೇಕಾಗುವುದಿಲ್ಲ. ಪೆಟ್ಟಿಗೆಯ ಕೊನೆಯ ಖಾನೆಯೊಂದು ಉಳಿದಿದೆ. ಅದನ್ನು ನಾಳೆ ತಂಪುಹೊತ್ತಿಗೆ ತೆರೆಯುತ್ತೇವೆ.

ಆದ್ದರಿಂದ ಕೇಳುತ್ತಿದ್ದೇನೆ. ಗಿರಾಕಿ ಬಯಸಿದರೆ ಗೌನು ಉಡಿಸಿ, ಹೃದಯ ಮಾಡಿಸಿ, ಸೂರ್ಯನನ್ನು ಬೆನ್ನಿಗಿಡಿ. ಅದು ನಿಮ್ಮ ಹೊಟ್ಟೆಪಾಡು. ಆದರೆ ಅವಳು ಸಾಕಾಗಿ ಕುಳಿತಾಗ ಕ್ಯಾಮೆರಾ ಕೆಳಗಿಡಬೇಡಿ. ಬದಿಯಿಂದ ಬೆಳಕು ಬರುವ ಕಡೆ ಹೋಗಿ ನಿಂತು ಒಂದು ತೆಗೆಯಿರಿ. ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ಒಳ್ಳೆಯದನ್ನು ಆರಿಸಿ ಉಳಿದದ್ದನ್ನು ಅಳಿಸುವಾಗ, ಅದೊಂದನ್ನು ಅಳಿಸಬೇಡಿ. ಬಾತ ಪಾದವನ್ನು ತಿದ್ದಬೇಡಿ. ಅವಳ ಹೆಸರು ಬರೆದಿಡಿ. ನೀವು ಅಳಿಸದೆ ಉಳಿಸಿದ್ದೇ ನಾಳೆ ಆ ಖಾನೆಯಲ್ಲಿ ನಮಗೆ ಸಿಗುವುದು. ನೀವು ಸಾವಿರಾರು ಮಂದಿ ಇದ್ದೀರಿ, ದಿನವೂ ತೆಗೆಯುತ್ತೀರಿ. ನಾಳೆ ಬರಿಗೈಯಲ್ಲಿ ಬರುತ್ತೇನೆಂಬ ಅಂಜಿಕೆ ನನಗಿಲ್ಲ.

ಒಂದು ನನ್ನ ಬಳಿ ಇದೆ. ಬೇಕಾದದ್ದು ಇನ್ನು ಒಂಬತ್ತೇ.

ಶಿವಲೀಲಾ ಹೊಂಬಳ