ಸೊಸೆಯ ಫೆಡೋರಾ ಅಳಿಸಿದ್ದು

ಮಾರ್ಚ್ ೧೪, ಶನಿವಾರ

ಸೊಸೆ ಒಂದು ಮಾತೂ ಬೈಯಲಿಲ್ಲ. ಅದೇ ಕೊರೆಯುತ್ತಿದೆ.

ಅವಳ ಪ್ರಬಂಧದ ಲೆಕ್ಕಗಳಿಗೆ ಆಕ್ಟೇವ್ ತಂತ್ರಾಂಶ ಬೇಕಿತ್ತು. "ನಾನು ಹಾಕಿಕೊಡ್ತೀನಿ ಬಿಡಮ್ಮ" ಎಂದು ಲ್ಯಾಪ್‌ಟಾಪ್ ಇಸಿದುಕೊಂಡೆ. ಅವಳ ಲ್ಯಾಪ್‌ಟಾಪ್ ನಡೆಯುವುದು ಫೆಡೋರಾ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ. ನಾನು ನಾನಾಗಿಯೇ ಕಲಿತದ್ದು ಲಿನಕ್ಸ್‌ನದೇ ಇನ್ನೊಂದು ಬಗೆಯಾದ ಉಬುಂಟು ಒಂದೇ. ನನಗೆ ಗೊತ್ತಿದ್ದ ಕಮಾಂಡ್ ಅಲ್ಲಿ ನಡೆಯಲಿಲ್ಲ. ಅವಳನ್ನು ಕೇಳಲು ಬಿಗುಮಾನ. ಡಿಸ್ಕಿನಲ್ಲಿದ್ದುದನ್ನೆಲ್ಲ ಫೆಡೋರಾ ಸಮೇತ ಅಳಿಸಿ ಉಬುಂಟು ಹಾಕಿದೆ. ಆಕ್ಟೇವ್ ಸಲೀಸಾಗಿ ಕೂತಿತು. ಆದರೆ ಪ್ರಬಂಧಕ್ಕೆಂದು ಅವಳು ತುಂಬಿಸಿಟ್ಟಿದ್ದ ಸೇತುವೆಯ ಕಂಪನದ ಅಂಕಿಗಳೆಲ್ಲ ಹೋದವು.

"ಇರ್ಲಿ ಬಿಡಿ ಮಾವ, ಕಾಗದದಲ್ಲಿವೆ, ಮತ್ತೆ ತುಂಬ್ತೀನಿ" ಎಂದಳು. ಊಟಕ್ಕೆ ಕೂತಾಗ ಲ್ಯಾಪ್‌ಟಾಪಿಗೆ ಏನಾಯಿತೆಂದು ಮಗ ಕೇಳಿದರೆ, "ಅದೇನೋ ತಾನಾಗೇ ಕೆಟ್ಟುಹೋಯ್ತು" ಎಂದುಬಿಟ್ಟಳು. ದೊಡ್ಡವನೆನಿಸಿಕೊಂಡ ನಾನು ಹೌದೆಂದು ತಲೆಯಾಡಿಸಿದೆ.

ಪಕ್ಕದ ಕೋಣೆಯಲ್ಲಿ ಅವಳು ಅಂಕಿ ಕುಟ್ಟುವ ಸದ್ದು ಇನ್ನೂ ನಿಂತಿಲ್ಲ. ಮಗನಿಗೆ ನಿಜ ಹೇಳಿಬಿಡೋಣವೆಂದು ಎದ್ದೆ. ಹೇಳಿದರೆ ನನಗಾಗಿ ಅವಳಾಡಿದ ಸುಳ್ಳೂ ಬಯಲಾಗುತ್ತದಲ್ಲ. ಎದ್ದವನು ಮತ್ತೆ ಕೂತಿದ್ದೇನೆ. ಬೆಳಗ್ಗೆ ಅವಳನ್ನೇ ಕರೆದು ಕ್ಷಮೆ ಕೇಳಿ, ಮಗನಿಗೆ ನಿಜ ಹೇಳಲೇ ಎಂದು ಅವಳನ್ನೇ ಕೇಳುತ್ತೇನೆ.